‘ಮನೆಯಲ್ಲಿ ಯಾರು ಸೇದುತ್ತಾರೆ?’: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಮಸ್ಕಾರಗಳು. ನಾನು ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಗನವಾಡಿ ಕಾರ್ಯಕರ್ತೆಯಾಗಿ ದುಡಿದು ಈಗ ನಿವೃತ್ತಳಾಗಿದ್ದೇನೆ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ ಮೊದಲು ಕಣ್ಣು ಬಿಟ್ಟಿದ್ದು ನಮ್ಮದೇ ಜಿಲ್ಲೆಯ ತಿ. ನರಸೀಪುರದಲ್ಲಿ, 1975ರ ಅಕ್ಟೋಬರ್ 2ರಂದು. ಆ ಕೆಲಸದ ಮೇಲೆ ನನಗೆ ಇಂದಿಗೂ ಅಭಿಮಾನವಿದೆ. ನಾನು ತಕ್ಕಡಿಗೆ ತೂಗುಹಾಕಿ ತೂಕ ಮಾಡಿದ ಕೂಸುಗಳು ಈಗ ತಮ್ಮ ಕೂಸುಗಳನ್ನು ಎತ್ತಿಕೊಂಡು ನನ್ನ ಮುಂದೆ ಬರುತ್ತಾರೆ. ತೂಕದ ಪುಸ್ತಕದಲ್ಲಿ ಬರೆದು ಮುಗಿಸಿದ ಅಂಕಿಗಳ ಹಿಂದೆ ನಾನು ಕಂಡ, ಆದರೆ ಯಾವ ಕಾಲಮ್ಮಿನಲ್ಲೂ ಬರೆಯಲು ಜಾಗವಿಲ್ಲದ ಒಂದು ಸಂಗತಿಯನ್ನು, ಬಸುರಿಯ ಮನೆಯೊಳಗಿನ ಬೀಡಿ, ಸಿಗರೇಟಿನ ಹೊಗೆಯನ್ನು, ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಕೆಲಸದಲ್ಲಿದ್ದಾಗ ಬರೆಯಬೇಕಿತ್ತು. ಬರೆಯಲಿಲ್ಲ ಎಂಬ ನೋವು ನನ್ನದು.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ತಮಗೆ ನೆನಪಿರಬಹುದು. ನಮ್ಮ ಪಕ್ಕದ ಕೊಡಗಿನ ದಕ್ಷಿಣದ ಅಂಚಿನಲ್ಲಿ ಅದು ಕಂಕಣದಂತೆ ಕಂಡಿತು. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬಂದಿದ್ದರು. ನಮ್ಮ ಊರಿನಲ್ಲಿ ಮಾತ್ರ ಬೆಳಗ್ಗೆ ಎಂಟಕ್ಕೆಲ್ಲ ಬೀದಿ ಖಾಲಿಯಾಗಿತ್ತು. ಆ ದಿನ ಒಬ್ಬ ಗರ್ಭಿಣಿಗೆ ಕಬ್ಬಿಣಾಂಶದ ಮಾತ್ರೆಯ ಬಗ್ಗೆ ನೆನಪಿಸಿ ಬರೋಣವೆಂದು ನಾನು ಗ್ರಹಣ ಹಿಡಿಯುವ ಮೊದಲೇ ಅವಳ ಮನೆಗೆ ಹೋಗಿದ್ದೆ. ಮಾತು ಮುಗಿಯುವಷ್ಟರಲ್ಲಿ ಹೊತ್ತಾಯಿತು. ‘ಈಗ ಹೊರಗೆ ಹೋಗಬೇಡಿ ಟೀಚರಮ್ಮ, ಬಿಡುಗಡೆಯಾದ ಮೇಲೆ ಹೋದರಾಯಿತು’ ಎಂದು ಅವಳ ಅತ್ತೆ ನನ್ನನ್ನೂ ಒಳಗೆ ಕೂರಿಸಿದರು.

ಆ ಹುಡುಗಿಗೆ ಆಗ ಆರು ತಿಂಗಳು ತುಂಬಿತ್ತು. ಅವಳನ್ನು ಒಳಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಕಿಟಕಿ ಮುಚ್ಚಿ ಸಂದಿಗೆ ಹಳೆಯ ಸೀರೆ ತುರುಕಿದ್ದರು, ಬೆಳಕಿನ ಒಂದು ಗೆರೆಯೂ ಒಳಗೆ ಬರಬಾರದೆಂದು. ನೀರಿನ ಬಿಂದಿಗೆಯ ಮೇಲೆ ದರ್ಭೆ. ಚಾಕು, ಕತ್ತರಿ, ಸೂಜಿ ಎಲ್ಲವೂ ಅಟ್ಟಕ್ಕೆ ಹೋಗಿದ್ದವು. ಅವಳು ಉಗುರು ಕೂಡ ಕೆರೆದುಕೊಳ್ಳಬಾರದು ಎಂದು ಅತ್ತೆ ಎರಡು ಬಾರಿ ಎಚ್ಚರಿಸಿದರು. ಆ ಹೆಂಗಸಿಗೆ ಹುಟ್ಟಲಿರುವ ಮಗುವಿನ ಮೇಲೆ ಎಷ್ಟು ಪ್ರೀತಿ, ಎಷ್ಟು ಭಯ ಎಂಬುದು ನನಗೆ ಕಾಣುತ್ತಿತ್ತು. ಅದೇ ಕೋಣೆಯ ಬಾಗಿಲಿಗೆ ಒರಗಿ ಅವಳ ಮಾವ ಬೀಡಿ ಹಚ್ಚಿದರು. ಹೊರಗೆ ಹೋಗುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ. ಒಂದಾದ ಮೇಲೊಂದು ಬೀಡಿ. ಸ್ವಲ್ಪ ಹೊತ್ತಿಗೆ ಮಗನೂ ಸಿಗರೇಟು ತೆಗೆದ. ಹೊಗೆ ಹೆಂಚಿನ ಕೆಳಗೆ ಕಟ್ಟಿಕೊಂಡು ನಿಧಾನವಾಗಿ ಚಾಪೆಯ ಮಟ್ಟಕ್ಕೆ ಇಳಿಯಿತು. ಹುಡುಗಿ ಸೆರಗನ್ನು ಮೂಗಿಗೆ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಮೂರು ಗಂಟೆ ನಾವು ಹಾಗೇ ಇದ್ದೆವು.

ಸೂರ್ಯನ ನೆರಳಿಗೆ ಹೆದರಿ ಮುಚ್ಚಿದ ಕೋಣೆಯಲ್ಲಿ ಮಗುವಿಗೆ ನಿಜವಾಗಿ ಕೇಡು ಮಾಡಬಲ್ಲದ್ದು ಹೊಗೆಯೊಂದೇ ಆಗಿತ್ತು. ಅದನ್ನು ಆ ಮನೆಯವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಹಿರಿಯರ ಎದುರಿಗೆ, ಅವರ ಮನೆಯೊಳಗೇ ಕುಳಿತು, ‘ಬೀಡಿ ಆರಿಸಿ’ ಎನ್ನುವ ಧೈರ್ಯ ನನಗೆ ಬರಲಿಲ್ಲ.

ಲಾಕ್‌ಡೌನ್ ಶುರುವಾದ ವಾರ ಅವಳಿಗೆ ಹೆರಿಗೆಯಾಯಿತು. ದಿನ ತುಂಬಿಯೇ ಹುಟ್ಟಿದ ಹೆಣ್ಣು ಮಗು, ತೂಕ 2 ಕಿಲೋ 100 ಗ್ರಾಂ. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು ಎಂಬುದು ನಮ್ಮ ಪುಸ್ತಕದ ಲೆಕ್ಕ. ಆ ಮಗು ಮೂರು ವರ್ಷಕ್ಕೆ ನನ್ನ ಅಂಗನವಾಡಿಗೆ ಬಂದಿತು. ಮೊದಲ ದಿನ ಎತ್ತಿಕೊಂಡಾಗ ಅದರ ತಲೆಗೂದಲಿನಲ್ಲಿ ಬೀಡಿಯ ಘಾಟು ಹೊಡೆಯಿತು. ಬೆಳಗ್ಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಕಣ್ಣಿಗೆ ಕಾಡಿಗೆ ಇಟ್ಟು ಕಳಿಸಿದ ಮಗು. ಅದರ ಮೇಲೂ ಆ ವಾಸನೆ. ಚಳಿಗಾಲ ಬಂತೆಂದರೆ ಅದಕ್ಕೆ ಗೂರಲು. ಉಳಿದ ಮಕ್ಕಳು ‘ಆನೆ ಬಂತೊಂದಾನೆ’ ಹೇಳಿ ಮುಗಿಸುವ ವಯಸ್ಸಿನಲ್ಲಿ ಅದು ಎರಡು ಪದ ಕೂಡಿಸಲು ಕಷ್ಟಪಡುತ್ತಿತ್ತು. ಕಿವಿ ಸೋರುತ್ತಿತ್ತು. ಕೇಳಿಸದೆ ಮಾತು ತಡವಾಯಿತೋ ಏನೋ ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ನಾನೇ.

ಆ ಮಗುವಿನ ತೂಕಕ್ಕೆ, ಗೂರಲಿಗೆ, ಮಾತು ತಡವಾದದ್ದಕ್ಕೆ ಬೀಡಿಯೊಂದೇ ಕಾರಣ ಎಂದು ನಾನು ಆಣೆ ಇಟ್ಟು ಹೇಳಲಾರೆ. ತಾಯಿಗೆ ರಕ್ತಹೀನತೆ ಇತ್ತು. ಮನೆಯಲ್ಲಿ ಬಡತನವಿತ್ತು. ಸೌದೆ ಒಲೆಯೂ ಇತ್ತು. ಒಂದು ಮಗುವನ್ನು ಮುಂದಿಟ್ಟುಕೊಂಡು ಇದರಿಂದಲೇ ಹೀಗಾಯಿತು ಎಂದು ವೈದ್ಯರೂ ಹೇಳುವುದಿಲ್ಲ. ಆದರೆ ಸಾವಿರಾರು ತಾಯಂದಿರನ್ನು, ಮಕ್ಕಳನ್ನು ಹೋಲಿಸಿ ನೋಡಿದವರು ಏನು ಕಂಡಿದ್ದಾರೆ ಎಂಬುದನ್ನು ಶುಶ್ರೂಷಕಿಯಾಗಿರುವ ನನ್ನ ಮಗಳು ಓದಿ ಹೇಳಿದಾಗ ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ತಮಗೆ ತಿಳಿಯದ್ದೇನೂ ಅಲ್ಲ. ಆದರೂ ಈ ಪತ್ರವನ್ನು ಓದುವ ಇತರ ತಂದೆ ತಾಯಂದಿರಿಗಾಗಿ ನನಗೆ ಅರ್ಥವಾದಷ್ಟನ್ನು ಬರೆಯುತ್ತೇನೆ.

ತಂಬಾಕಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ. ಬಸುರಿಯ ಮಟ್ಟಿಗೆ ಅದರಲ್ಲಿ ಎರಡನ್ನು ಹೆಸರು ಹಿಡಿದು ಹೇಳಲೇಬೇಕು. ಒಂದು ಕಾರ್ಬನ್ ಮಾನಾಕ್ಸೈಡ್. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ತಿರುಗುವ ಗಾಡಿ ಎಂದುಕೊಳ್ಳಿ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲ ಆ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಹೊಟ್ಟೆಯೊಳಗಿನ ಮಗುವಿನ ರಕ್ತದಲ್ಲಂತೂ ಅದು ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು ಶೇಖರವಾಗುತ್ತದೆ. ರಕ್ತ ಕಡಿಮೆ ಇರುವ ತಾಯಿಗೆ ನಾವು ಕಬ್ಬಿಣದ ಮಾತ್ರೆ ಕೊಟ್ಟು ಗಾಡಿಗಳನ್ನು ಹೆಚ್ಚಿಸಲು ಹೆಣಗುತ್ತೇವೆ. ಅದೇ ಮನೆಯ ಬೀಡಿ ಇದ್ದಬದ್ದ ಗಾಡಿಗಳಲ್ಲಿ ವಿಷ ತುಂಬುತ್ತದೆ. ಇನ್ನೊಂದು ನಿಕೋಟಿನ್. ಅದು ಮಾಸನ್ನು (ಪ್ಲಾಸೆಂಟಾ) ದಾಟಿ ಮಗುವನ್ನು ಸೇರುತ್ತದೆ. ರಕ್ತನಾಳಗಳನ್ನು ಬಿಗಿಯುತ್ತದೆ. ಮಗುವಿನ ಮಿದುಳು ಕಟ್ಟಿಕೊಳ್ಳುವಾಗ ನರಗಳ ನಡುವೆ ಸಂದೇಶ ಒಯ್ಯಲು ದೇಹವೇ ತಯಾರಿಸಿಕೊಳ್ಳುವ ಒಂದು ರಾಸಾಯನಿಕವಿದೆ. ನಿಕೋಟಿನ್ ಅದರ ವೇಷ ಹಾಕಿಕೊಂಡು ಅದೇ ಬಾಗಿಲು ತಟ್ಟುತ್ತದೆ. ಯಾವ ನರ ಯಾವಾಗ ಬೆಳೆಯಬೇಕು, ಎಲ್ಲಿಗೆ ಕೂಡಿಕೊಳ್ಳಬೇಕು ಎಂಬ ಸೂಕ್ಷ್ಮ ಕೆಲಸ ನಡೆಯುತ್ತಿರುವಾಗ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಕರೆ ಅದು.

ತಾಯಿ ತಾನು ಸೇದದಿದ್ದರೂ ಇದು ನಡೆಯುತ್ತದೆ ಎಂಬುದೇ ನನ್ನನ್ನು ಕಲಕಿದ್ದು. ಬೇರೆಯವರ ಹೊಗೆಯಲ್ಲಿ ಉಸಿರಾಡಿದ ತಾಯಂದಿರ ಮಕ್ಕಳ ಹೊಕ್ಕುಳಬಳ್ಳಿಯ ರಕ್ತದಲ್ಲಿ, ಹುಟ್ಟಿದ ಮೇಲಿನ ಮೊದಲ ಮಲದಲ್ಲಿ ನಿಕೋಟಿನ್‌ನ ಗುರುತು ಸಿಗುತ್ತದೆ. ಭೂಮಿಯ ಮೇಲೆ ಇನ್ನೂ ಒಂದು ಉಸಿರೂ ತೆಗೆದುಕೊಳ್ಳದ ಕೂಸಿನ ಮೈಯಲ್ಲಿ ಅಪ್ಪನ ಸಿಗರೇಟಿನ ಗುರುತು!

ಇಂತಹ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ತಾನು ಸೇದದ, ಆದರೆ ಇತರರ ಹೊಗೆಗೆ ಒಡ್ಡಿಕೊಂಡ ಗರ್ಭಿಣಿಯ ಮಗುವಿನ ತೂಕ ಸರಾಸರಿ 33 ಗ್ರಾಂ ಅಥವಾ ಅದಕ್ಕೂ ಹೆಚ್ಚು ಕಡಿಮೆಯಾಗುತ್ತದೆ, ಕಡಿಮೆ ತೂಕದ ಮಗು ಹುಟ್ಟುವ ಸಂಭವ ಶೇ. 22ರಷ್ಟು ಏರುತ್ತದೆ. 2011ರ ಇನ್ನೊಂದು ವಿಶ್ಲೇಷಣೆಯಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಸಂಭವ ಶೇ. 23ರಷ್ಟು ಹೆಚ್ಚು ಕಂಡುಬಂದಿತು. 33 ಗ್ರಾಂ ಎಂದರೆ ಎಷ್ಟು ಮಹಾ ಎಂದು ಓದುವವರಿಗೆ ಅನ್ನಿಸಬಹುದು. ಮೂರು ಕಿಲೋ ಮಗುವಿಗೆ ಅದು ದೊಡ್ಡದಲ್ಲದಿರಬಹುದು. ಎರಡೂವರೆ ಕಿಲೋದ ಗೆರೆಯ ಮೇಲೆ ನಿಂತಿರುವ ನಮ್ಮ ಹಳ್ಳಿಯ ಮಗುವಿಗೆ ಹಾಗಲ್ಲ. ತಕ್ಕಡಿಯ ಮುಳ್ಳು ಗೆರೆಯ ಆಚೆಗೋ ಈಚೆಗೋ ಎಂದು ಉಸಿರು ಹಿಡಿದು ನೋಡಿದ ನನಗೆ ಒಂದೊಂದು ಗ್ರಾಮಿನ ಬೆಲೆ ಗೊತ್ತಿದೆ.

ಬುದ್ಧಿ ಮತ್ತು ನಡವಳಿಕೆಯ ಮಾತಿಗೆ ಬಂದರೆ ಎಚ್ಚರಿಕೆಯಿಂದ ಹೇಳಬೇಕು. ನ್ಯೂಯಾರ್ಕ್ ನಗರದಲ್ಲಿ ಬಡ ಕುಟುಂಬಗಳ, ಸೇದದ ತಾಯಂದಿರ ಮಕ್ಕಳನ್ನು ಹಿಂಬಾಲಿಸಿ ನೋಡಿದ ಒಂದು ಅಧ್ಯಯನ 2004ರಲ್ಲಿ ಬಂದಿತು. ಗರ್ಭದಲ್ಲಿದ್ದಾಗ ಇತರರ ಹೊಗೆಗೆ ಸಿಕ್ಕ ಮಕ್ಕಳು ಎರಡು ವರ್ಷದ ಹೊತ್ತಿಗೆ ಗ್ರಹಿಕೆಯ ಪರೀಕ್ಷೆಯಲ್ಲಿ ಹಿಂದುಳಿದಿದ್ದರು. ಹೊಗೆಯ ಜೊತೆಗೆ ಊಟ, ಬಟ್ಟೆ, ಸೂರಿನ ಕೊರತೆಯೂ ಇದ್ದ ಮನೆಗಳಲ್ಲಿ ಹಿನ್ನಡೆ ಇನ್ನೂ ಹೆಚ್ಚಾಗಿತ್ತು. ಗಮನವಿಟ್ಟು ಕೂರಲಾಗದಿರುವುದು, ಹಟಮಾರಿತನ ಇವಕ್ಕೂ ಗರ್ಭಕಾಲದ ಹೊಗೆಗೂ ನಂಟಿದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಅದರಲ್ಲಿ ಹೊಗೆಯ ಪಾಲೆಷ್ಟು, ಮನೆಯ ಪರಿಸ್ಥಿತಿಯ ಪಾಲೆಷ್ಟು ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ಇದೆ, ಅದನ್ನು ಮುಚ್ಚಿಡಲಾರೆ. ಆದರೆ ತೂಕ ಕಡಿಮೆಯಾಗುತ್ತದೆ ಎಂಬುದರಲ್ಲಿ ಚರ್ಚೆಯಿಲ್ಲ. ಹುಟ್ಟಿದ ಮೇಲೂ ಹೊಗೆಯಲ್ಲಿ ಬೆಳೆಯುವ ಮಕ್ಕಳಿಗೆ ಗೂರಲು, ಕಿವಿಯ ಸೋಂಕು, ಮಲಗಿದಲ್ಲೇ ಹಠಾತ್ ಸಾವು ಇವೆಲ್ಲ ಹೆಚ್ಚು ಎಂಬುದರಲ್ಲೂ ಇಲ್ಲ. ಇಷ್ಟು ಪ್ರಮಾಣದ ಹೊಗೆ ಅಪಾಯವಿಲ್ಲ ಎನ್ನುವಂತಹ ಮಟ್ಟವೇ ಇಲ್ಲ ಎಂದು ಅಮೆರಿಕ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ 2006ರ ವರದಿ ಸ್ಪಷ್ಟವಾಗಿ ಹೇಳಿದೆ. ಕಿಟಕಿ ತೆರೆದರೆ ಸಾಲದು. ಫ್ಯಾನ್ ಹಾಕಿದರೂ ಸಾಲದು.

ನಮ್ಮ ಕಡೆ ಒಂದು ನಂಬಿಕೆ ಇದೆ: ಬೀಡಿ ಎಲೆಯದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂದು. ಓದಿದವರೂ ಇದನ್ನು ಹೇಳುತ್ತಾರೆ. ಸುಳ್ಳು. ಬೀಡಿಯ ಎಲೆಯೊಳಗೆ ಗಾಳಿಯಾಡುವುದು ಕಡಿಮೆ, ಆರದಂತೆ ಮತ್ತೆ ಮತ್ತೆ ಜಗ್ಗಬೇಕು. ಅದರ ಹೊಗೆಯಲ್ಲಿ ನಿಕೋಟಿನ್ನೂ ಕಾರ್ಬನ್ ಮಾನಾಕ್ಸೈಡೂ ಸಿಗರೇಟಿಗಿಂತ ಹೆಚ್ಚೇ ಇರುತ್ತದೆ.

ಇನ್ನು ನನ್ನ ದೂರಿಗೆ ಬರುತ್ತೇನೆ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. 2016ರಲ್ಲಿ ಶುರುವಾದ ಈ ಕಾರ್ಯಕ್ರಮದಿಂದ ನಮ್ಮ ಹೆಣ್ಣುಮಕ್ಕಳಿಗೆ ಬಹಳ ಉಪಕಾರವಾಗಿದೆ. ಎಷ್ಟೋ ಬಾರಿ ನಾನೇ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿದ್ದೇನೆ. ಯಾವ ಆಸ್ಪತ್ರೆ, ಯಾವ ವೈದ್ಯರು ಎಂದು ನಾನು ಹೇಳುವುದಿಲ್ಲ, ಅವರೆಲ್ಲ ಮಧ್ಯಾಹ್ನದ ಊಟ ಬಿಟ್ಟು ದುಡಿಯುವವರು. ತೂಕ ನೋಡುತ್ತಾರೆ. ರಕ್ತದೊತ್ತಡ ನೋಡುತ್ತಾರೆ. ರಕ್ತ, ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ಬೆಳವಣಿಗೆ ಅಳೆಯುತ್ತಾರೆ. ತಾಯಿ ಕಾರ್ಡಿನಲ್ಲಿ ಎಲ್ಲವನ್ನೂ ಬರೆಯುತ್ತಾರೆ. ಎಲ್ಲೋ ಅಪರೂಪಕ್ಕೆ, ‘ನಿನಗೇನಾದರೂ ಬೀಡಿ, ಸಿಗರೇಟು ಅಭ್ಯಾಸ ಇದೆಯೇನಮ್ಮ?’ ಎಂದು ಕೇಳಿದ್ದನ್ನು ಕಂಡಿದ್ದೇನೆ. ಹುಡುಗಿ ನಾಚಿ ನಗುತ್ತಾಳೆ. ‘ಇಲ್ಲ’ ಎನ್ನುತ್ತಾಳೆ. ಅಲ್ಲಿಗೆ ಆ ವಿಷಯ ಮುಗಿಯಿತು.

ಪ್ರಶ್ನೆಯೇ ತಪ್ಪು, ಸ್ವಾಮಿ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸೇದುವ ಹೆಂಗಸರು ನೂರಕ್ಕೆ ಇಬ್ಬರು, ಸೇದುವ ಗಂಡಸರು ನೂರಕ್ಕೆ 19. ಆದರೆ ಮನೆಯೊಳಗೆ ಇನ್ನೊಬ್ಬರ ಹೊಗೆಗೆ ಸಿಕ್ಕುವ ವಯಸ್ಕರು ನೂರಕ್ಕೆ 38.7. ನೂರರಲ್ಲಿ 98 ಹೆಂಗಸರು ‘ಇಲ್ಲ’ ಎಂದೇ ಉತ್ತರಿಸುವ ಪ್ರಶ್ನೆಯನ್ನು ಕೇಳಿ ನಾವು ಸಮಾಧಾನಪಟ್ಟುಕೊಳ್ಳುತ್ತಿದ್ದೇವೆ. ಕೇಳಬೇಕಾದ ಪ್ರಶ್ನೆ ‘ನೀನು ಸೇದುತ್ತೀಯಾ?’ ಎಂಬುದಲ್ಲ, ‘ಮನೆಯಲ್ಲಿ ಯಾರು ಸೇದುತ್ತಾರೆ, ಎಲ್ಲಿ ಕುಳಿತು ಸೇದುತ್ತಾರೆ?’ ಎಂಬುದು. ಗರ್ಭಿಣಿಯರ ಪ್ರತಿಯೊಂದು ತಪಾಸಣೆಯಲ್ಲೂ ತಂಬಾಕು ಬಳಕೆಯ ಜೊತೆಗೆ ಇತರರ ಹೊಗೆಯ ಬಗ್ಗೆಯೂ ಕೇಳಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಅದಕ್ಕೂ ಮೊದಲು, 2013ರಲ್ಲಿ, ಗರ್ಭಿಣಿಯರ ಮೇಲಿನ ತಂಬಾಕು ಹೊಗೆಯ ಬಗ್ಗೆಯೇ ಪ್ರತ್ಯೇಕ ಶಿಫಾರಸುಗಳನ್ನು ಕೊಟ್ಟಿದೆ. ನಾನು ಕಂಡ ಅಷ್ಟು ವರ್ಷಗಳ ತಪಾಸಣೆಗಳಲ್ಲಿ ಈ ಪ್ರಶ್ನೆಯನ್ನು ಯಾರೊಬ್ಬರೂ ಕೇಳಿದ್ದನ್ನು ನನ್ನ ಕಿವಿಯಾರೆ ಕೇಳಿಲ್ಲ.

ಒಳಗೆ ತಪಾಸಣೆ ನಡೆಯುವಾಗ ಹೊರಗೆ ಏನು ನಡೆಯುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಹೆಂಡತಿಯನ್ನು ಬೈಕಿನಲ್ಲಿ ಕರೆತಂದ ಗಂಡಂದಿರು ಗೇಟಿನ ಬಳಿ ನಿಂತಿರುತ್ತಾರೆ. ‘ಗಂಡಸರು ಹೊರಗಿರಿ’ ಎಂದು ಆಯಾ ಕೂಗಿದ ಮೇಲೆ ಅವರಿಗೆ ಅಲ್ಲಿ ಕೆಲಸವೇನು? ಗೇಟಿನ ಗೋಡೆಗೆ ಒರಗಿ ಸಿಗರೇಟು ಹಚ್ಚುತ್ತಾರೆ. ಆಸ್ಪತ್ರೆಯಂತಹ ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂಬ ಕಾನೂನು 2003ರಲ್ಲೇ ಬಂದಿದೆ. ಅದರ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ನಮ್ಮ ರಾಜ್ಯ ಆ ಕಾನೂನಿಗೆ ತಿದ್ದುಪಡಿ ತಂದು 2025ರಲ್ಲಿ ದಂಡವನ್ನು 200 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಿದೆ, ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ಇದಕ್ಕಾಗಿ ಸರ್ಕಾರಕ್ಕೆ ಮನಸಾರೆ ಕೃತಜ್ಞತೆಗಳು. ಆದರೆ ಆ ಗೇಟಿನ ಬಳಿ ದಂಡದ ರಸೀದಿ ಹರಿದದ್ದನ್ನು ನಾನು ನೋಡಿಲ್ಲ.

ದಂಡಕ್ಕಿಂತ ನನಗೆ ಹೆಚ್ಚು ಬೇಸರ ತರುವುದು ಆ ಕೈತಪ್ಪುವ ಗಳಿಗೆ. ಮದ್ಯಕ್ಕೆ, ಇಸ್ಪೀಟಿಗೆ, ಬೀಡಿಗೆ ಯಾರ ಮಾತೂ ಕೇಳದ ಗಂಡಸು ಕೂಡ ಹೆಂಡತಿ ಮೊದಲ ಬಾರಿಗೆ ಬಸುರಾದಾಗ ಮೆತ್ತಗಾಗುತ್ತಾನೆ. ನನ್ನ ಅನುಭವದಲ್ಲಿ ಅವನ ಬದುಕಿನಲ್ಲಿ ಅಂತಹ ಕಾಲ ಮತ್ತೆ ಬರುವುದಿಲ್ಲ. ಅವಳಿಗಾಗಿ ರಾತ್ರಿ ಹತ್ತಕ್ಕೆ ಎಳನೀರು ಹುಡುಕಿಕೊಂಡು ಹೋಗುತ್ತಾನೆ, ಸ್ಕ್ಯಾನಿಂಗಿನ ಕಾಗದವನ್ನು ಅರ್ಥವಾಗದಿದ್ದರೂ ಎರಡೆರಡು ಸಲ ತಿರುಗಿಸಿ ನೋಡುತ್ತಾನೆ. ಅಂತಹವನು ಆಸ್ಪತ್ರೆಯ ಗೇಟಿನವರೆಗೆ ತಾನಾಗಿ ಬಂದು ನಿಂತಿದ್ದಾನೆ. ಅವನನ್ನು ಒಳಗೆ ಕರೆದು ವೈದ್ಯರು ಎರಡು ನಿಮಿಷ, ‘ನೋಡಪ್ಪ, ನೀನು ಮನೆಯೊಳಗೆ ಬಿಡುವ ಹೊಗೆ ನಿನ್ನ ಮಗುವಿನ ರಕ್ತಕ್ಕೆ ಸೇರುತ್ತದೆ’ ಎಂದರೆ ಸಾಕು. ನಾವು ಹಾಗೆ ಮಾಡದೆ ಅವನನ್ನು ಹೊರಗೆ ನಿಲ್ಲಿಸುತ್ತೇವೆ.

ಹೆಂಡತಿಯೇ ಹೇಳಲಿ ಎನ್ನುವವರಿದ್ದಾರೆ. ಇಪ್ಪತ್ತು ವರ್ಷದ ಸೊಸೆ ಅರವತ್ತು ದಾಟಿದ ಮಾವನಿಗೆ ‘ಮಾವ, ಹೊರಗೆ ಹೋಗಿ ಸೇದಿ’ ಎನ್ನಲು ಸಾಧ್ಯವಿರುವ ಮನೆಗಳು ಎಷ್ಟಿವೆ? ಆ ಮಾತು ಬಿಳಿ ಕೋಟು ಹಾಕಿದವರ ಬಾಯಿಂದ ಬಂದರೆ ಮಾವ ಕೇಳುತ್ತಾರೆ. ಸೊಸೆಯ ಬಾಯಿಂದ ಬಂದರೆ ಅದು ಜಗಳವಾಗುತ್ತದೆ. ಈ ಭಾರವನ್ನು ಹೊಟ್ಟೆ ಹೊತ್ತವಳ ತಲೆಗೇ ಕಟ್ಟಬೇಡಿ. ಮಗು ಸಣ್ಣದಾಗಿ ಹುಟ್ಟಿದರೆ ಹೇಗೂ ಎಲ್ಲರೂ ಬೆರಳು ತೋರಿಸುವುದು ಅವಳ ಕಡೆಗೇ: ಪರಂಗಿ ಹಣ್ಣು ತಿಂದಳು, ಗ್ರಹಣ ನೋಡಿದಳು, ಸರಿಯಾಗಿ ಉಣ್ಣಲಿಲ್ಲ. ನನಗೂ ಈ ಮಾತುಗಳು ಬಿದ್ದಿವೆ. ನನ್ನ ಎರಡನೆಯ ಮಗ ಎರಡು ಕಿಲೋ ಇಲ್ಲದೆ ಹುಟ್ಟಿದಾಗ ನಾನು ಯಾವ ತಪ್ಪು ಮಾಡಿದೆ ಎಂದು ವರ್ಷಗಟ್ಟಲೆ ಯೋಚಿಸಿದೆ. ನನ್ನ ಯಜಮಾನರು ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದರು, ತೊಟ್ಟಿಲು ಕಟ್ಟಿದ ಕೋಣೆಯಲ್ಲೇ. ಅವರು ಒಳ್ಳೆಯ ಮನುಷ್ಯ. ಯಾರಾದರೂ ಹೇಳಿದ್ದರೆ ಆ ದಿನವೇ ಜಗಲಿಗೆ ಹೋಗಿ ಕೂರುತ್ತಿದ್ದರು. ಈಗ ಅವರಿಲ್ಲ.

ನಮ್ಮ ತಾಲ್ಲೂಕಿನ ಒಂದು ಕಷ್ಟವನ್ನೂ ಇಲ್ಲಿ ಸೇರಿಸಬೇಕು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಯ ಬದುಕು ನಿಂತಿರುವುದೇ ಹೊಗೆಸೊಪ್ಪಿನ ಮೇಲೆ. ನನ್ನ ಮಕ್ಕಳ ಓದೂ ಬ್ಯಾರನ್ನಿನಲ್ಲಿ (ಸೊಪ್ಪು ಹದ ಮಾಡುವ ಮನೆಯಲ್ಲಿ) ಬೆಂದ ಸೊಪ್ಪಿನ ದುಡ್ಡಿನಿಂದಲೇ ಆಯಿತು. ರೈತರನ್ನು ದೂರಲು ನಾನು ಈ ಪತ್ರ ಬರೆಯುತ್ತಿಲ್ಲ. ಆದರೆ ಮಳೆಗಾಲದಲ್ಲಿ ಹಸಿ ಸೊಪ್ಪು ಮುರಿದು ತಂದು ರಾತ್ರಿಯವರೆಗೆ ಕಡ್ಡಿಗೆ ಕಟ್ಟುವವರಲ್ಲಿ ಬಸುರಿಯರೂ ಇರುತ್ತಾರೆ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ‘ಬಸುರಿಗೆ ವಾಂತಿ ಸಹಜ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಇದು ಹೊಗೆಯ ಮಾತಲ್ಲ, ಆದರೆ ಒಳಗೆ ಹೋಗುವುದು ಅದೇ ನಿಕೋಟಿನ್. ನಮ್ಮ ಭಾಗದ ಆಸ್ಪತ್ರೆಗಳಲ್ಲಾದರೂ ‘ಸೊಪ್ಪು ಕಟ್ಟುತ್ತೀಯೇನಮ್ಮ?’ ಎಂದು ಒಂದು ಮಾತು ಕೇಳುವಂತಾಗಲಿ. ಒಂಬತ್ತು ತಿಂಗಳು ಅವಳನ್ನು ಆ ಕೆಲಸದಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಾಕಲು ಯಾವ ರೈತನೂ ಬೇಡವೆನ್ನುವುದಿಲ್ಲ, ಅವನಿಗೆ ವಿಷಯ ತಿಳಿಯಬೇಕಷ್ಟೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಗರ್ಭಿಣಿ ಹೆಸರು ನೋಂದಾಯಿಸುವ ದಿನವೇ ‘ಮನೆಯಲ್ಲಿ ಯಾರು ಸೇದುತ್ತಾರೆ?’ ಎಂದು ಕೇಳಿ ಉತ್ತರವನ್ನು ತಾಯಿ ಕಾರ್ಡಿನಲ್ಲಿ, ರಕ್ತದ ಪ್ರಮಾಣ ಬರೆಯುವಷ್ಟೇ ಕಡ್ಡಾಯವಾಗಿ ಬರೆಯುವಂತೆ ಆದೇಶ ಹೊರಡಿಸಿ. ಬರೆಯದ ವಿಷಯ ನಮ್ಮ ವ್ಯವಸ್ಥೆಯಲ್ಲಿ ಇಲ್ಲದ ವಿಷಯ ಎಂಬುದನ್ನು ಮೂವತ್ತು ವರ್ಷ ರಿಜಿಸ್ಟರು ತುಂಬಿದ ನಾನು ಚೆನ್ನಾಗಿ ಬಲ್ಲೆ. ಮುಂದಿನ ಪ್ರತಿ ಭೇಟಿಯಲ್ಲೂ ಅದನ್ನು ಮತ್ತೆ ಕೇಳಲಿ. ಸೇದುವವರು ಇದ್ದಾರೆಂದರೆ 9ನೇ ತಾರೀಖಿನ ಒಂದು ತಪಾಸಣೆಗಾದರೂ ಗಂಡನನ್ನು, ಸಾಧ್ಯವಾದರೆ ಮಾವನನ್ನೂ ಒಳಗೆ ಕರೆಸಿ ವೈದ್ಯರೇ ಮಾತನಾಡಲಿ. ಬೈಯುವುದು ಬೇಡ. ಬೈದರೆ ಮುಂದಿನ ತಿಂಗಳು ಅವರು ಗೇಟಿಗೂ ಬರುವುದಿಲ್ಲ. ಬಿಡಲು ಮನಸ್ಸಿದ್ದೂ ಆಗದವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ. ಈ ಸಂಖ್ಯೆಯನ್ನು ತಾಯಿ ಕಾರ್ಡಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಸಿಗರೇಟು ಪ್ಯಾಕಿನ ಎರಡೂ ಬದಿಯ ಶೇ. 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಮತ್ತು ಬರಹ ಇರಬೇಕೆಂಬ ನಿಯಮ 2016ರ ಏಪ್ರಿಲ್‌ನಿಂದ ಇದೆ. ಆದರೆ ನಾನು ನೋಡಿದ ಚಿತ್ರಗಳೆಲ್ಲ ಸೇದುವವನ ಬಾಯಿ, ಗಂಟಲಿನ ಹುಣ್ಣಿನವು. ‘ನನ್ನ ಗಂಟಲು, ನನ್ನ ಇಷ್ಟ’ ಎಂದು ಅವನು ಪ್ಯಾಕನ್ನು ಜೇಬಿಗೆ ಹಾಕಿಬಿಡುತ್ತಾನೆ. ಅವನ ಮಗುವಿನ ಚಿತ್ರವನ್ನು ಅಂಗನವಾಡಿಯ ಗೋಡೆಯ ಮೇಲಾದರೂ ನಾವು ಹಾಕೋಣ.

ಇದನ್ನೆಲ್ಲ ಆಶಾ ಕಾರ್ಯಕರ್ತೆಯರ, ಅಂಗನವಾಡಿ ಕಾರ್ಯಕರ್ತೆಯರ ಹೆಗಲಿಗೆ ಇನ್ನೊಂದು ರಿಜಿಸ್ಟರಾಗಿ ಹೇರಬೇಡಿ ಎಂದು ಕೈಮುಗಿದು ಕೇಳುತ್ತೇನೆ. 2025ರ ಜನವರಿಯಲ್ಲಿ ಆಶಾ ಹೆಣ್ಣುಮಕ್ಕಳು ಗೌರವಧನಕ್ಕಾಗಿ ಬೆಂಗಳೂರಿನ ಚಳಿಯಲ್ಲಿ ಹಗಲು ರಾತ್ರಿ ಕುಳಿತದ್ದನ್ನು ರಾಜ್ಯವೇ ನೋಡಿದೆ. ಮನೆಯೊಳಗೆ ಕಾನೂನು ಹೋಗಲಾರದು. ಹೋಗುವುದು ಬೇಕಾಗಿಯೂ ಇಲ್ಲ, ಬಸುರಿಯ ಮನೆಗೆ ಪೊಲೀಸರು ಬರಬೇಕೆಂದು ನಾನು ಕೇಳುವುದಿಲ್ಲ. ಮನೆಯೊಳಗೆ ಹೋಗಬಲ್ಲವಳು ಆಶಾ ಒಬ್ಬಳೇ. ಅವಳಿಗೆ ಈ ಮಾತನ್ನು ಹಿರಿಯರ ಮನಸ್ಸು ನೋಯದಂತೆ ಹೇಗೆ ಹೇಳಬೇಕೆಂಬ ತರಬೇತಿ ಕೊಡಿ. ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಡಿ. ಗ್ರಹಣದ ದಿನ ನನಗೆ ಬಾರದೆ ಹೋದ ಧೈರ್ಯ ಅವಳಿಗೆ ಬರಲಿ. ನೆರೆಯ ಕೇರಳದಲ್ಲಿ ಮನೆಯೊಳಗೆ ಸೇದುವುದಿಲ್ಲವೆಂದು ಊರಿನ ಜನರೇ ಸೇರಿ ಒಪ್ಪಿಕೊಳ್ಳುವ ಪ್ರಯೋಗಗಳು ನಡೆದಿವೆ. ನಮ್ಮ ಸ್ತ್ರೀಶಕ್ತಿ ಸಂಘಗಳಿಗೂ ಇದು ಆಗದ ಕೆಲಸವಲ್ಲ. ಆಸ್ಪತ್ರೆಯ ಗೇಟಿನಲ್ಲಿ ಮಾತ್ರ, ಅದು ಸಾರ್ವಜನಿಕ ಸ್ಥಳವಾದ್ದರಿಂದ, ಕಾನೂನು ಕಾನೂನಿನಂತೆಯೇ ನಡೆಯಲಿ.

ಮಾನ್ಯರೇ, ಆ ಗ್ರಹಣದ ದಿನದ ಹುಡುಗಿ ಈಗ ಮತ್ತೆ ಬಸುರಿ. ಐದು ತಿಂಗಳು. ದೊಡ್ಡ ಮಗಳು ಶಾಲೆಗೆ ಹೋಗುತ್ತಿದ್ದಾಳೆ, ಮಾತು ಬಂದಿದೆ, ಗೂರಲು ಬಿಟ್ಟಿಲ್ಲ. ಕಳೆದ ತಿಂಗಳು ನಾನು ಕೊನೆಗೂ ಅವಳ ಮಾವನ ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ಇದನ್ನು ಆಸ್ಪತ್ರೆಯವರು ಯಾಕೆ ಹೇಳಲಿಲ್ಲ ಟೀಚರಮ್ಮ? ಅವರು ಹೇಳದಿದ್ದ ಮೇಲೆ ಅಂತಹದ್ದೇನೂ ಇರಲಿಕ್ಕಿಲ್ಲ ಎಂದುಕೊಂಡಿದ್ದೆ’ ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಹಾಗೇ ತಮಗೆ ಒಪ್ಪಿಸುತ್ತಿದ್ದೇನೆ.

ಮುಂದಿನ 9ರಂದು ಅವಳಿಗೆ ತಪಾಸಣೆ ಇದೆ. ಜೊತೆಗೆ ನಾನೂ ಹೋಗುತ್ತೇನೆ. ಮಾವನೂ ಬರುತ್ತೇನೆ ಎಂದಿದ್ದಾರೆ. ಅವರನ್ನು ಒಳಗೆ ಬಿಡುತ್ತಾರೋ ಇಲ್ಲವೋ ನೋಡಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಂಗನವಾಡಿ ಕಾರ್ಯಕರ್ತೆ
ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ